ಅಂಗಡಿ ಸಾಲಿನ ಮೇಲೆ ಕೆಂಪು ಗೆರೆ

ಎಲ್ಲ ಅನರ್ಥಕ್ಕೂ ಮೂಲ ಆ ಮೂರು ಕಾಲಿನ ಸ್ಟ್ಯಾಂಡು.

ಸೋದರಮಾವನ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲು ಹಿಡಿದೇ ಯೌವನ ಕಳೆದಿದ್ದ ಅವನನ್ನು ಬೀದಿಯವರೆಲ್ಲ ಅಳಿಯ ಎಂದೇ ಕರೆಯುತ್ತಿದ್ದರು. ಮಾವನಿಗೆ ಮಕ್ಕಳಿರಲಿಲ್ಲ. “ಬರೋ ತಿಂಗಳು ಅಂಗಡಿ ನಿನ್ನ ಹೆಸರಿಗೆ ಮಾಡ್ತೀನಿ ಕಣೋ” ಎಂದು ಬಾಯಿಬಿಟ್ಟು ಹೇಳಿಯೂ ಆಗಿತ್ತು. ಅಳಿಯ ಬದುಕಿದ್ದುದೇ ಆ ಮಾತಿನ ಮೇಲೆ. ಅಲ್ಲಿಯವರೆಗೆ ತೆಪ್ಪಗೆ ಚಪ್ಪಲಿ ಮಾರಿಕೊಂಡು ಕೂತಿದ್ದರೆ ಸಾಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ. ಫೋಟೋಗ್ರಫಿ ಕಲಿಯಲು ಹೊರಟ.

ಗುರು, ಹಿಂದಿನ ಗಲ್ಲಿಯಲ್ಲಿ ಬಾಡಿಗೆಗೆ ಸ್ಟುಡಿಯೋ ಇಟ್ಟವನು. “ರಾತ್ರಿ ಟ್ರಾಫಿಕ್ ತೆಗೀಬೇಕಂದ್ರೆ ಶಟರ್ ಬೇಗ ಮುಚ್ಚಬಾರದು. ಅರ್ಧ ನಿಮಿಷ ತೆರೆದಿಟ್ರೆ ಓಡೋ ಗಾಡಿಗಳೆಲ್ಲ ಮಾಯ, ದೀಪ ಮಾತ್ರ ಗೆರೆಗೆರೆಯಾಗಿ ಉಳಿಯತ್ತೆ. ಕ್ಯಾಮೆರಾ ಅಲ್ಲಾಡಬಾರದು, ಅಷ್ಟೆ,” ಎಂದು ಪಾಠ ಹೇಳಿ, ತನ್ನ ಹಳೆಯ ಕ್ಯಾಮೆರಾ, ಸ್ಟ್ಯಾಂಡು ಎರಡನ್ನೂ ಕೊಟ್ಟಿದ್ದ.

ಬೀದಿ ದೀಪ ಹತ್ತುವ ಹೊತ್ತಿಗೆ ಅಳಿಯ ಸಿಗ್ನಲ್ಲಿನ ಪಕ್ಕ, ಅಂಗಡಿ ಸಾಲಿನ ಎದುರಿಗೆ ಸ್ಟ್ಯಾಂಡು ನೆಟ್ಟು, ಒಂದು ಕಣ್ಣು ಮುಚ್ಚಿ ಬಗ್ಗಿದ. ಅದನ್ನು ಮೊದಲು ಕಂಡವನು ಟೈಲರ್. ಅಳತೆ ಅವನ ಕಸುಬು; ಯಾರು ಬಗ್ಗಿದರೂ ಏನನ್ನೋ ಅಳೆಯುತ್ತಿದ್ದಾರೆ ಎಂದೇ ಅವನ ನಂಬಿಕೆ.

“ಏನಪ್ಪಾ ಅಳಿಯ, ಸರ್ವೆನಾ? ರಸ್ತೆ ಅಗಲ ಮಾಡ್ತಾರಾ?”

“ಇಲ್ಲ ಸಾರ್, ಫೋಟೋ.”

“ಹಗಲಲ್ಲಿ ತೆಗೆಯೋಕೆ ಏನಾಗಿತ್ತು?”

“ಇದಕ್ಕೆ ಕತ್ತಲೇನೇ ಬೇಕು.”

“ಹೂಂ. ಇಂಥ ಕೆಲಸಕ್ಕೆಲ್ಲ ಕತ್ತಲೇನೇ ಬೇಕು,” ಎಂದವನೇ ಟೈಲರ್ ಓಡಿದ.

ಕ್ಷಣದಲ್ಲಿ ಅಂಗಡಿ ಸಾಲಿಗೆ ಸಾಲೇ ರಸ್ತೆ ದಾಟಿ ಬಂತು. ಬೇಕರಿಯವನು ಬಿಸಿ ಬನ್ನು ತಂದ. ಔಷಧಿ ಅಂಗಡಿಯ ಅಮ್ಮ, “ಒಡೆಯೋ ಗೆರೆ ನಮ್ಮ ಕಡೆ ಬರದ ಹಾಗೆ ನೋಡ್ಕೋಪ್ಪಾ, ನಿನ್ನ ತಂಗಿ ಅನ್ಕೋ,” ಎಂದರು. ಅವರಿಗೆ ಅವನ ತಾಯಿಯ ವಯಸ್ಸು. ಶಿಷ್ಯನ ಕೆಲಸ ನೋಡಲು ಬಂದ ಸ್ಟುಡಿಯೋದವನೂ ಗುಂಪಿನಲ್ಲಿ ಸೇರಿಕೊಂಡ. ನಿನ್ನೆಯವರೆಗೆ ಮುಖವೆತ್ತಿ ನೋಡದವರು ಇಂದು ಸಾರ್ ಎನ್ನುತ್ತಿದ್ದುದರಿಂದ ಅಳಿಯನಿಗೆ ಒಳಗೊಳಗೇ ಖುಷಿಯೂ ಆಯಿತು.

“ಯಾರೂ ಅಲ್ಲಾಡಬೇಡಿ!” ಎಂದು ಗದರಿಸಿದ. ಸರಕಾರವೇ ಹೇಳಿತೆಂಬಂತೆ ಎಲ್ಲರೂ ಉಸಿರು ಬಿಗಿಹಿಡಿದರು. ಸಿಗ್ನಲ್ ಹಸಿರಾಗಿ ಬಸ್ಸೊಂದು ಹಾದುಹೋಯಿತು.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಫೋಟೋ ಮೂಡಿತು. ಬಸ್ಸಿನ ಸುಳಿವೇ ಇಲ್ಲ. ಅದರ ಹಿಂಬದಿಯ ದೀಪ ಮಾತ್ರ ಟೈಲರ್ ಅಂಗಡಿಯಿಂದ ಚಪ್ಪಲಿ ಅಂಗಡಿಯವರೆಗೆ ಒಂದೇ ಕೆಂಪು ಗೆರೆ ಎಳೆದಿತ್ತು. ಅಳಿಯನ ಕಣ್ಣು ತುಂಬಿತು. ಇಷ್ಟು ಚೆಂದದ್ದನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಟೈಲರನ ಕಣ್ಣೂ ತುಂಬಿತು. “ಅಯ್ಯಯ್ಯೋ, ನನ್ನ ಅಂಗಡಿ ಅರ್ಧಕ್ಕೇ ಕತ್ತರಿಸಿಬಿಟ್ರಲ್ಲೋ!”

“ಅದು ಬಸ್ಸಿನ ದೀಪ ಸಾರ್!”

“ಬಸ್ಸೆಲ್ಲಿ? ತೋರಿಸು ನೋಡೋಣ.”

“ಓಡ್ತಾ ಇತ್ತಲ್ಲ, ಅದಕ್ಕೇ ಕಾಣಲ್ಲ. ನಿಂತಿದ್ರೆ ಕಾಣ್ತಿತ್ತು.”

“ಪಾಪ, ಹೀಗೇ ಹೇಳು ಅಂತ ಮೇಲಿನೋರು ಬಾಯಿಪಾಠ ಮಾಡಿಸಿದಾರೆ,” ಎಂದು ಔಷಧಿ ಅಂಗಡಿಯ ಅಮ್ಮ ಕನಿಕರಪಟ್ಟರು.

ಅಳಿಯ ಗುರುವಿನ ಕಡೆ ಕೈತೋರಿಸಿದ. “ನೀವಾದ್ರೂ ಹೇಳಿ ಸಾರ್!”

ಸ್ಟುಡಿಯೋದವನು ಪರದೆಯನ್ನೂ ಅಂಗಡಿ ಸಾಲನ್ನೂ ಒಂದು ಸಲ ನೋಡಿದ. “ಕ್ಯಾಮೆರಾ ಸುಳ್ಳು ಹೇಳಲ್ಲ,” ಎಂದಷ್ಟೇ ಹೇಳಿ ಸರಸರನೆ ರಸ್ತೆ ದಾಟಿದ. ಉಳಿದವರೂ ಎದೆ ಬಡಿದುಕೊಳ್ಳುತ್ತ ಚೆದುರಿದರು. ಪೀಡೆ ತೊಲಗಿತೆಂದು ಅಳಿಯ ಬ್ಯಾಟರಿ ಮುಗಿಯುವವರೆಗೆ ಆನಂದವಾಗಿ ಫೋಟೋ ತೆಗೆದ.

ಮಾವನಿಗೆ ತೋರಿಸೋಣವೆಂದು ಅಂಗಡಿಗೆ ಬಂದರೆ, ಮಾವ ಹತ್ತು ವರ್ಷ ಚಿಕ್ಕವನಾದಂತೆ ಕೂತಿದ್ದ.

“ಬಾರೋ! ದೊಡ್ಡ ಗಂಡಾಂತರ ತಪ್ತು. ಅಂಗಡಿ ಮೇಲೆ ಕೆಂಪು ಗೆರೆ ಬಿದ್ದಿದೆ ಅಂತ ಟೈಲರ್ ಬಂದು ಹೇಳಿದ. ” ಮಾವ ದನಿ ತಗ್ಗಿಸಿದ. “ಪುಣ್ಯಕ್ಕೆ ಒಬ್ಬ ದಡ್ಡ ಸಿಕ್ಕ, ಬಂದ ಬೆಲೆಗೆ ಕೊಟ್ಟುಬಿಟ್ಟೆ. ಮುಂಗಡ ಇಸ್ಕೊಂಡು ಸಹಿನೂ ಹಾಕಿದೆ.”

“ಮಾವ, ಅದು ಬಸ್ಸಿನ ದೀಪ ಮಾವ!”

“ನನ್ನ ಹತ್ರಾನೂ ಮುಚ್ಚುಮರೆ ಯಾಕೋ? ಮೇಲಿನೋರು ಹೇಳಿಕೊಟ್ಟಿದ್ದು ಊರಿಗೇ ಗೊತ್ತಾಗಿದೆ,” ಎಂದು ಮಾವ ಬೆನ್ನು ತಟ್ಟಿದ.

“ಯಾರಿಗೆ ಮಾರಿದ್ರಿ?”

ಒಳಗೋಡೆಗೆ ಟೇಪು ಹಿಡಿದಿದ್ದ ಸ್ಟುಡಿಯೋದವನು ತಿರುಗಿದ. ಅಳಿಯ ಕ್ಯಾಮೆರಾ ಮುಂದೆ ಚಾಚಿದ. ಗುರು ಅದನ್ನು ಪ್ರೀತಿಯಿಂದ ಹಿಂದಕ್ಕೆ ತಳ್ಳಿದ.

“ನೀನೇ ಇಟ್ಕೊಳಪ್ಪಾ. ಗುರುದಕ್ಷಿಣೆ ನಿಮ್ಮ ಮಾವನ ಕೈಯಿಂದ ಸಂದಾಯ ಆಯ್ತು.”