ಕೊಡಗಿನವರ ಫುಟ್‌ಬಾಲಿಗೆ ನಾನು ಮಾಡಿಸಿದ ಮೈದಾನ

ನಮ್ಮ ತೋಟದ ದೊರೆಗಳು ಫುಟ್‌ಬಾಲ್ ಆಡುವುದನ್ನು ನೋಡಿದ ದಿನದಿಂದ ನನಗೆ ತಲೆ ಕೆಟ್ಟಿತ್ತು. ಎಸ್ಟೇಟ್ ರೈಟರ್ ಆದವನು ಕಾಫಿಯ ಕನಸು ಕಾಣಬೇಕು. ನಾನು ಚೆಂಡಿನ ಕನಸು ಕಾಣುತ್ತಿದ್ದೆ. ನಿದ್ದೆಗಣ್ಣಿನಲ್ಲೇ ಒದೆಯುತ್ತಿದ್ದೆ! ನನ್ನ ಹೆಂಡತಿ ಪುಟ್ಟಮ್ಮ ಪಾಪ, ನಡುವೆ ದಿಂಬು ಅಡ್ಡ ಇಟ್ಟುಕೊಂಡು ಮಲಗುತ್ತಿದ್ದಳು.

ಹೀಗಿರುವಾಗ ಕೊಡಗಿನ ತೋಟದ ದೊರೆಗಳು ನಮ್ಮ ಕಡೆಯ ದೊರೆಗಳ ಮೇಲೆ ಪಂದ್ಯಕ್ಕೆ ಬರುತ್ತಾರೆಂದು ಸುದ್ದಿಯಾಯಿತು. ಕೊಡಗು ಇಂಗ್ಲಿಷರದು, ನಾವು ಮೈಸೂರು ಮಹಾರಾಜರ ಪ್ರಜೆಗಳು. ಅಂದಮೇಲೆ ಇದು ಎರಡು ದೇಶಗಳ ಪಂದ್ಯವಲ್ಲದೆ ಮತ್ತೇನು? ಎರಡೂ ಕಡೆ ಆಡುವವರು ಬಿಳಿಯರೇ ಎಂಬ ಸಣ್ಣ ಸಂಗತಿಯನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ದೊರೆ ನನ್ನನ್ನು ಕರೆದು ಅಪ್ಪಣೆ ಮಾಡಿದರು: "ರೈಟರ್, ಮೈದಾನದಲ್ಲಿ ಧೂಳು ಬಹಳ. ಪಂದ್ಯದ ದಿನ ಒಂದು ಚಿಟಿಕೆ ಧೂಳೂ ಏಳಬಾರದು. ಚೊಕ್ಕ ಮಾಡಿಸಿದರೆ ಗೋಲ್ ಕಂಬದ ಪಕ್ಕದಲ್ಲೇ ನಿನಗೊಂದು ಸ್ಟೂಲು."

ಗೋಲ್ ಕಂಬದ ಪಕ್ಕ! ಅಲ್ಲಿಯವರೆಗೆ ಕಾಫಿಗಿಡದ ಸಂದಿಯಿಂದ ಕತ್ತು ಚಾಚಿ ಆಟ ನೋಡಿದವನು ನಾನು. ಮನೆಗೆ ಓಡಿ ಪುಟ್ಟಮ್ಮನಿಗೆ ಹೇಳಿದೆ.

"ಧೂಳು ಏಳ್ಬಾರ್ದು ಅಂದ್ರೆ ಸಗಣಿ ಬಳೀಬೇಕು ಕಣ್ರೀ. ನಮ್ ತೌರು ಕುಂದೂರಲ್ಲಿ ನಮ್ಮಪ್ಪ ಅಂಗೇ ಮಾಡ್ಸೋದು" ಎಂದಳು.

"ಅಷ್ಟು ದೊಡ್ಡ ಮೈದಾನಕ್ಕಾ?"

"ಸಗಣಿಗೇನು ಬರ ಬಂದೈತೆ?"

ಬಂತು. ಸುತ್ತಲ ಹಳ್ಳಿಯ ದನಗಳು ನನ್ನ ತಲೆ ಕಂಡರೆ ಬಾಲ ಎತ್ತಿ ಓಡುವ ಕಾಲ ಬಂತು! ಅಳಿದುಳಿದ ಹುಲ್ಲನ್ನೆಲ್ಲ ಕೆತ್ತಿಸಿದೆ, ನೀರು ಹಾಕಿಸಿ ನೆಲ ಬಡಿಸಿದೆ. ಕೂಲಿ ಲೈನಿನ ಹೆಂಗಸರು ಈ ತುದಿಯಿಂದ ಆ ತುದಿಯವರೆಗೆ ಸಗಣಿ ಸಾರಿಸಿದರು. ಚೆಂಡು ಇಡುವ ನಟ್ಟನಡುವಿನ ಜಾಗ ತಪ್ಪಿಹೋಗಬಾರದೆಂದು ಅಲ್ಲೊಂದು ಕಂಬ ನೆಡಿಸಿದೆ, ಪಂದ್ಯದ ಬೆಳಿಗ್ಗೆ ಕಿತ್ತರಾಯಿತು ಎಂದುಕೊಂಡೆ. ಪುಟ್ಟಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಕೈಮುಗಿದಳು. "ನಿಮಗೆ ಒಳ್ಳೇದಾಗ್ಲಿ ಅಂತ" ಎಂದಳು. ನಾನೂ ಕಾಯಿ ಒಡೆದೆ. ಸಗಣಿ ಸಾರಿಸಿದ ನೆಲ, ನಡುವೆ ಪೂಜೆ ಮಾಡಿದ ಕಂಬ! ಇದು ನೋಡಲು ಏನಾಯಿತೆಂದು ಹೊಲ ಗದ್ದೆಯ ನಡುವೆ ಹುಟ್ಟಿ ಬೆಳೆದ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಬೇಲಿಯಾಚೆಯ ರೈತ ಕೆಂಚೇಗೌಡನಿಗೆ ಹೊಳೆಯಿತು. ಪಂದ್ಯದ ದಿನ ಬೆಳಿಗ್ಗೆ ನಾನು ಹೊಸ ರುಮಾಲು ಸುತ್ತಿ ಹೋಗುವಷ್ಟರಲ್ಲಿ ಮೈದಾನದ ತುಂಬ ಬತ್ತದ ಹೊರೆ. ನಡುಗಂಬಕ್ಕೆ ಎತ್ತು ಕಟ್ಟಿ ತುಳಿಸುತ್ತಿದ್ದಾನೆ!

"ಏನ್ ಕಣ ಮಾಡ್ಸಿದೀರಿ ರೈಟ್ರೇ! ಊರಿಗೇ ಉಪಕಾರ ಆಗ್ಬುಡ್ತು" ಎಂದು ಕೈಮುಗಿದ.

"ಅಯ್ಯೋ ಗೌಡ, ಇದು ಕಣ ಅಲ್ಲ ಮಾರಾಯ, ಆಟದ ಬಯಲು! ಎತ್ತು ಬಿಚ್ಚು!"

"ಮೇಟಿ ಕಂಬಕ್ಕೆ ಪೂಜೆ ಮಾಡಿ ಎತ್ತು ಕಟ್ಟಿದ್ಮೇಲೆ ಬಿಚ್ಚೋದುಂಟಾ? ರಾಶಿ ಪೂಜೆ ಆಗೋವರ್ಗೂ ಇಲ್ಲಿ ಕಾಲಲ್ಲಿ ಮೆಟ್ಟು ಹಾಕ್ಕಂಡು ಯಾರೂ ಬರಂಗಿಲ್ಲ."

ಅಷ್ಟರಲ್ಲಿ ಬಂದರು, ಎರಡು ದೇಶಗಳ ದೊರೆಗಳು. ಎಲ್ಲರ ಕಾಲಲ್ಲೂ ಬೂಟು! ನಮ್ಮ ದೊರೆ ಹೂ ಮುಡಿದ ಕಂಬವನ್ನು ನೋಡಿದರು, ಎತ್ತುಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಧೂಳು ಮಾತ್ರ ಇಲ್ಲ, ರೈಟರ್" ಎಂದವರೇ ಎಲ್ಲರನ್ನೂ ಕರೆದುಕೊಂಡು ಗುಡ್ಡದಾಚೆಯ ಇನ್ನೊಂದು ತೋಟದ ಬಯಲಿಗೆ ಹೊರಟರು.

ನಾನೂ ಹಿಂದೆಯೇ ಹೊರಟೆ. ಕೆಂಚೇಗೌಡ ಅಡ್ಡ ನಿಂತ. "ಕಾಯಿ ಒಡ್ದೋರು ನೀವು. ರಾಶಿ ಪೂಜೆ ಮುಗಿಯೋಗಂಟ ಕಣ ಬುಟ್ಟು ಹೋಗ್ಬಾರ್ದು. ನಮ್ ವರ್ಷದ ಅನ್ನ ಐತೆ ಇದ್ರಲ್ಲಿ."

ಅನ್ನದ ಮಾತು. ಮೀರುವಂತಿಲ್ಲ. ಬತ್ತದ ಹೊರೆಯ ಮೇಲೆ ಕುಸಿದೆ. ನಿಜ ಹೇಳುತ್ತೇನೆ, ಅಳು ಬಂತು.

ಪುಟ್ಟಮ್ಮ ಬಂದು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಗುಡ್ಡದಾಚೆಯಿಂದ ಹೋ ಎಂದು ಕೂಗು ಕೇಳಿತು. "ಅದೇನ್ರೀ?" ಎಂದಳು.

"ಗೋಲು ಕಣೇ! ನಮ್ಮೋರು ಹೊಡೆದರು!"

"ಎಂಗೆ ಹೊಡುದ್ರು, ಹೇಳ್ರೀ."

ಹೇಳಿದೆ. ಎದ್ದು ನಿಂತು, ಪಂಚೆ ಎತ್ತಿ ಕಟ್ಟಿ, ಒದ್ದು ತೋರಿಸಿದೆ. ಮತ್ತೆ ಕೂಗು, ಮತ್ತೆ ನಮ್ಮ ಗೋಲು! ಕೂಗು ಕೇಳಿದಾಗಲೆಲ್ಲ ನಾನು ಕುಣಿದೆ, ಪುಟ್ಟಮ್ಮ ಚಪ್ಪಾಳೆ ತಟ್ಟಿದಳು, ಕೆಂಚೇಗೌಡ ಎತ್ತು ನಿಲ್ಲಿಸಿ "ಬೇಷ್!" ಎಂದ. ಅಷ್ಟು ಸುಖವಾಗಿ ನಾನು ಇನ್ಯಾವ ಆಟವನ್ನೂ ನೋಡಿಲ್ಲ. ಅದೂ ಕಣ್ಣಿಂದ ನೋಡದ ಆಟ!

ಸಂಜೆ ದೊರೆಯ ಕುದುರೆ ನೋಡಿಕೊಳ್ಳುವ ಹುಸೇನಜ್ಜ ಹಿಂದಿರುಗಿದ. "ಎಷ್ಟು ಹೊಡೆದರಜ್ಜಾ ನಮ್ಮೋರು?" ಎಂದೆ ಎದೆ ಉಬ್ಬಿಸಿ.

"ನಮ್ಮೋರಾ? ಒಂದೂ ಇಲ್ಲ ರೈಟ್ರೇ. ಹೊಡೆದದ್ದೆಲ್ಲ ಕೊಡಗಿನೋರು. ಅವರ ಕಡೆಯೋರ ಕೂಗು ಇಲ್ಲಿಗೂ ಕೇಳಿಸ್ತಾ?"

ಕೆಂಚೇಗೌಡ ಬೇರೆ ಕಡೆ ತಿರುಗಿದ. ಪುಟ್ಟಮ್ಮ ನಗು ತಡೆದುಕೊಂಡು, ನನ್ನ ರುಮಾಲಿಗೆ ಅಂಟಿದ ಹುಲ್ಲು ತೆಗೆಯುತ್ತ, "ಇರ್ಲಿ ಬುಡಿ, ನೀವು ಹೊಡುದ್ದೇ ಚೆನ್ನಾಗಿತ್ತು" ಎಂದಳು.

ಹೀಗೆ ಮೈಸೂರು ಸೀಮೆ ಸೋತ ದಿನ, ಕೊಡಗಿನ ಒಂದೊಂದು ಗೋಲಿಗೂ ಪಂಚೆ ಎತ್ತಿ ಕಟ್ಟಿ ಕುಣಿದ ಮೈಸೂರಿನವನು ನಾನೊಬ್ಬನೇ!