ಕೆರೆಯ ಸಹಜ ತಾಪಮಾನ

ಕಳೆದ ಬೇಸಿಗೆಯ ಮೊದಲ ವಾರದಲ್ಲಿ, ಅಣುವಿದ್ಯುತ್ ಸ್ಥಾವರದಿಂದ ಕೆರೆಗೆ ಬೀಳುವ ನೀರು ಕೆರೆಯ ನೀರಿಗಿಂತ ಒಂಬತ್ತು ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ನಿಯಮದ ಪ್ರಕಾರ ಈ ವ್ಯತ್ಯಾಸ ಐದು ಡಿಗ್ರಿಯನ್ನು ಮೀರತಕ್ಕದ್ದಲ್ಲ.

ವ್ಯತ್ಯಾಸ ಅಳೆಯುವವಳು ಸ್ಥಾವರದ ಪ್ರಯೋಗಾಲಯದ ಸಹಾಯಕಿ. ಕೆಲಸ ಸರಳ. ಥರ್ಮಾಮೀಟರನ್ನು ಮೊದಲು ಬಿಸಿನೀರಿನ ಕೊಳವೆಯ ಬಾಯಲ್ಲಿ ಇಳಿಬಿಡಬೇಕು. ಆಮೇಲೆ ದೋಣಿಯಲ್ಲಿ ಎದುರು ದಡಕ್ಕೆ ಹೋಗಿ, ಅಲ್ಲಿ ನೆಟ್ಟಿರುವ ಕಲ್ಲುಕಂಬದ ಬಳಿ ಇಳಿಬಿಡಬೇಕು. ಕಂಬದ ಬಳಿಯ ನೀರನ್ನು ನಿಯಮವು ‘ಕೆರೆಯ ಸಹಜ ನೀರು’ ಎಂದು ಕರೆಯುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಮುಗಿಯಿತು.

ದೋಣಿ ಅವಳ ಮೈದುನನದು. ಅವನು ಮೀನುಗಾರ. ಕೆರೆ ಬಿಸಿಯಾದಂತೆಲ್ಲ ಮೀನುಗಳು ಗುಳೆ ಎದ್ದು ಕಂಬದ ಸುತ್ತಲಿನ ತಣ್ಣನೆಯ ಮೂಲೆಗೆ ಬಂದು ಸೇರಿದ್ದವು. ಅವನ ಹೊಟ್ಟೆಪಾಡೂ ಅವುಗಳ ಹಿಂದೆಯೇ ಆ ಮೂಲೆಗೆ ಬಂದಿತ್ತು.

“ಅತ್ತಿಗೆ, ಸರಿಯಾಗಿ ಬರೀರಿ. ಇದೊಂದು ಮೂಲೆಯೂ ಕಾದರೆ ನಾನು ಬಲೆಯನ್ನು ಸೊಳ್ಳೆಪರದೆ ಮಾಡ್ಕೋಬೇಕಾಗುತ್ತೆ.”

“ಇದ್ದದ್ದನ್ನೇ ಬರೀತೀನಪ್ಪ. ಒಂಬತ್ತು.”

“ಹನ್ನೆರಡು ಅಂತ ಹಾಕಿದರೆ ಬೇಗ ಎಚ್ಚರಾಗ್ತಾರೇನೋ?”

“ಒಂಬತ್ತು ಅಂದರೆ ಒಂಬತ್ತು.”

ವರದಿ ಕೈಸೇರಿದ ದಿನವೇ ಸ್ಥಾವರದ ಮುಖ್ಯಸ್ಥರು ಸಮಿತಿ ರಚಿಸಿದರು. ಸಮಿತಿಯ ಸದಸ್ಯರು ಒಬ್ಬರೂ ತಪ್ಪದೆ ಬಂದರು. ಬೇಸಿಗೆಯಲ್ಲಿ ತಂಪಾಗಿದ್ದದ್ದು ಸಭೆಯ ಕೊಠಡಿಯೊಂದೇ.

ನೀರನ್ನು ತಣಿಸಿ ಬಿಡುವ ಗೋಪುರ ಕಟ್ಟಬೇಕೆಂದು ಸಹಾಯಕಿ ಸೂಚಿಸಿದಳು. ಅದಕ್ಕೆ ಮೂರು ವರ್ಷ ಹಿಡಿಯುತ್ತದೆ ಎಂದು ತಿಳಿದು ಎಲ್ಲರೂ ವಿಷಾದಿಸಿದರು. ಆಗ ಕಾನೂನು ಸಲಹೆಗಾರರು ಕನ್ನಡಕ ಒರೆಸಿಕೊಂಡರು.

“ನೀರು ತಣಿಸಿ ಅಂತ ನಿಯಮ ಎಲ್ಲೂ ಹೇಳಿಲ್ಲ. ವ್ಯತ್ಯಾಸ ಕಡಿಮೆ ಮಾಡಿ ಅಂತ ಹೇಳಿದೆ.”

“ಎರಡೂ ಒಂದೇ ಅಲ್ವಾ ಸರ್?”

“ಅಲ್ಲಮ್ಮ. ಎತ್ತರದವನನ್ನು ಕುಗ್ಗಿಸೋದು ಕಷ್ಟ. ಕುಳ್ಳನಿಗೆ ಒಂದು ಸ್ಟೂಲು ಕೊಟ್ಟರೆ ಆಯ್ತು.”

ಸ್ಟೂಲು ಹತ್ತಿರದಲ್ಲೇ ಇತ್ತು. ಕಲ್ಲುಕಂಬದ ಹಿಂದೆಯೇ ಅನಿಲ ವಿದ್ಯುತ್ ಘಟಕವಿತ್ತು. ಹೊಗೆ ಮಿತಿಮೀರಿದ ಕಾರಣ ಅದನ್ನು ಮುಚ್ಚಿಸಲಾಗಿತ್ತು; ಅದರ ಮುಖ್ಯಸ್ಥರು ಕಚೇರಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದರು. ಅವರು ಬಂದು, ಘಟಕವನ್ನು ಮತ್ತೆ ನಡೆಸಿ ಅದರ ಬಿಸಿನೀರನ್ನು ಕಂಬದ ಬುಡಕ್ಕೇ ತಲುಪಿಸಿಕೊಡುವುದಾಗಿ ಒಪ್ಪಿದರು. ಹೊಗೆಯ ಪ್ರಶ್ನೆಯನ್ನು ಹೊಸ ಉಪನಿಯಮ ಬಗೆಹರಿಸಿತು: ‘ಪರಿಸರ ನಿಯಮಗಳ ಪಾಲನೆಗಾಗಿ ಬಿಡಲಾಗುವ ಹೊಗೆಯನ್ನು ಹೊಗೆಯೆಂದು ಪರಿಗಣಿಸತಕ್ಕದ್ದಲ್ಲ.’

ಸಂಜೆ ಮೈದುನ ದೋಣಿ ಕಟ್ಟುತ್ತಾ ಕೇಳಿದ, “ಏನಂದ್ರು ಅತ್ತಿಗೆ?”

“ಕ್ರಮ ತಗೊಂಡಿದಾರೆ.”

“ಅಂತೂ! ಹಾಗಾದ್ರೆ ತಣ್ಣಗಾಗುತ್ತಾ?”

“ತಣ್ಣಗಾಗಲ್ಲ,” ಎಂದಳು ಸಹಾಯಕಿ. “ಸರಿಯಾಗುತ್ತೆ.”

ಸರಿಯಾಯಿತು. ವಾರದೊಳಗೆ ವ್ಯತ್ಯಾಸ ನಾಲ್ಕಕ್ಕಿಳಿಯಿತು. ವರದಿ ಬರೆದ ಸಹಾಯಕಿಗೆ ಶ್ಲಾಘನಾ ಪತ್ರ ಬಂತು.

ಆದರೆ ಸ್ಥಾವರ ತನ್ನನ್ನು ತಣಿಸಿಕೊಳ್ಳಲು ನೀರೆಳೆಯುವುದೂ ಅದೇ ಕೆರೆಯಿಂದ. ಬಿಸಿನೀರು ಒಳಹೋಗಿ ಇನ್ನೂ ಬಿಸಿಯಾಗಿ ಹೊರಬರತೊಡಗಿತು. ವ್ಯತ್ಯಾಸ ಆರಕ್ಕೇರಿತು. ಅನಿಲ ಘಟಕ ಎರಡನೆಯ ಕುಲುಮೆ ಹಚ್ಚಿತು. ಬಿಸಿನೀರಿನಲ್ಲಿ ಸರಿಯಾಗಿ ತಣಿಯಲಾಗದೆ ಸ್ಥಾವರದ ವಿದ್ಯುತ್ ಉತ್ಪಾದನೆ ಕುಸಿಯಿತು. ಆ ಕೊರತೆ ತುಂಬಿಕೊಡಲು ಅನಿಲ ಘಟಕ ಮೂರನೆಯದನ್ನೂ ಹಚ್ಚಿತು. ಕಂಬದ ಬುಡಕ್ಕೆ ಇನ್ನಷ್ಟು ಬಿಸಿನೀರು ಬಂದು ವ್ಯತ್ಯಾಸ ಮೂರಕ್ಕಿಳಿಯಿತು. ಈ ಏರ್ಪಾಡಿಗೆ ‘ಪರಸ್ಪರ ಸಹಕಾರ ಯೋಜನೆ’ ಎಂದು ಹೆಸರಿಡಲಾಯಿತು.

ಅದೇ ವಾರ ಮೈದುನ ಒಂದು ಬುಟ್ಟಿ ಹೊತ್ತುಕೊಂಡು ಸ್ಥಾವರದ ಮುಖ್ಯಸ್ಥರ ಕೋಣೆಗೆ ನುಗ್ಗಿದ. ಬುಟ್ಟಿಯನ್ನು ನೇರ ಮೇಜಿನ ಮೇಲಿಟ್ಟ. ಮೀನುಗಳೆಲ್ಲ ಹೊಟ್ಟೆ ಮೇಲಾಗಿ ಬಿದ್ದಿದ್ದವು.

“ಇವನ್ನ ನಾನು ಹಿಡಿದದ್ದಲ್ಲ ಸ್ವಾಮಿ. ತಾವಾಗೇ ತೇಲಿದ್ದು. ನನ್ನ ಮಕ್ಕಳಿಗೆ ಏನು ಹಾಕಲಿ?”

ಮುಖ್ಯಸ್ಥರು ಮೂಗು ಮುಚ್ಚಿಕೊಂಡು ಸಹಾಯಕಿಯನ್ನು ಕರೆಸಿದರು.

“ವ್ಯತ್ಯಾಸ ಎಷ್ಟಿದೆ?”

“ಮೂರು, ಸರ್.”

“ಮೂರು ಡಿಗ್ರಿಗೆ ಮೀನು ಸಾಯುತ್ತಾ?”

“ಇಲ್ಲ ಸರ್. ಆದರೆ ಕಂಬದ ಹತ್ತಿರ ನೀರು ಮೂವತ್ತೊಂಬತ್ತು ಡಿಗ್ರಿ ಇದೆ.”

“ಅದನ್ನು ಯಾರು ಕೇಳಿದರು?”

ಯಾರೂ ಕೇಳಿರಲಿಲ್ಲ. ಮೈದುನ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಬುಟ್ಟಿ ನೋಡಿದಳು.

ಮುಖ್ಯಸ್ಥರು ಕಲ್ಲೆದೆಯವರೇನಲ್ಲ. ಸತ್ತ ಮೀನುಗಳನ್ನು ಎತ್ತಿಹಾಕುವ ಕೆಲಸವನ್ನು ಅಲ್ಲೇ ಸೃಷ್ಟಿಸಿ, ಮೈದುನನನ್ನು ನೇಮಿಸಿದರು. ಬಲೆ ಅವನದೇ ಆದ್ದರಿಂದ ಸಂಸ್ಥೆಗೆ ಖರ್ಚೂ ಬೀಳಲಿಲ್ಲ. ಅಷ್ಟರಲ್ಲಿ ಊರ ಬೀದಿಗಳಲ್ಲಿ ಪ್ರಕಟಣೆ ಅಂಟಿಸಲಾಯಿತು:

‘ಕೆರೆಯ ಸಹಜ ನೀರು ಈಗ ಸ್ನಾನಕ್ಕೆ ತಕ್ಕ ಬಿಸಿಯಲ್ಲಿದೆ. ಸಾರ್ವಜನಿಕರು ಮನೆಯಲ್ಲಿ ನೀರು ಕಾಯಿಸಿ ಇಂಧನ ಪೋಲು ಮಾಡಬಾರದಾಗಿ ವಿನಂತಿ. ಸೋಪು ತರತಕ್ಕದ್ದಲ್ಲ. ಸೋಪಿನಿಂದ ಕೆರೆ ಮಲಿನವಾಗುತ್ತದೆ.’

ಜನ ಟವೆಲು ಹೆಗಲಿಗೆ ಹಾಕಿಕೊಂಡು ಬಂದರು. ಕಂಬದ ಹತ್ತಿರದ ನೀರು ಮಂಡಿನೋವಿಗೆ ಒಳ್ಳೆಯದೆಂಬ ಮಾತು ಹಬ್ಬಿತು. ಸಹಾಯಕಿ ಗೋಪುರದ ಮಾತೆತ್ತಿದರೆ ಈಗ ಜನರೇ ಸಿಡುಕುತ್ತಿದ್ದರು: “ತಣ್ಣೀರಲ್ಲಿ ಮುಳುಗಿಸ್ಬೇಕು ಅಂತಿದೀಯೇನಮ್ಮ ನಮ್ಮನ್ನ?”

ಮೈದುನನ ಕೆಲಸ ಮಳೆಗಾಲದ ಹೊತ್ತಿಗೆ ತಾನೇ ಮುಗಿಯಿತು. ಎತ್ತಿಹಾಕಲು ಮೀನು ಉಳಿದಿರಲಿಲ್ಲ. ಅವನನ್ನು ಮನೆಗೆ ಕಳಿಸದೆ, ಕೆರೆಯಲ್ಲಿ ಮೀನಿಲ್ಲವೆಂದು ಪ್ರತಿದಿನ ಖಚಿತಪಡಿಸುವ ಹುದ್ದೆಯಲ್ಲಿ ಕಾಯಂ ಮಾಡಲಾಯಿತು. ಈಗ ಅವನಿಗೆ ಸಮವಸ್ತ್ರವಿದೆ.

“ಹೇಗಿದೆ ಕೆಲಸ?” ಎಂದು ಅತ್ತಿಗೆ ಒಮ್ಮೆ ಕೇಳಿದಳು.

ಅವನು ಖಾಲಿ ಬಲೆಯನ್ನು ಕೊಡವಿ ಮಡಚಿಟ್ಟ. “ಬಲೆ ಹರಿಯಲ್ಲ ಅತ್ತಿಗೆ.”

ವರ್ಷದ ಕೊನೆಯ ಪರಿಸರ ವರದಿಯನ್ನು ಸಹಾಯಕಿಯೇ ಸಿದ್ಧಪಡಿಸಿದಳು. ಮೀನುಗಳ ಸಾವಿನ ಬಗ್ಗೆ ಏನು ಬರೆಯಬೇಕೆಂದು ಮುಖ್ಯಸ್ಥರನ್ನು ಕೇಳಿದಳು.

“ಇದ್ದದ್ದನ್ನೇ ಬರೀರಿ,” ಎಂದರು ಅವರು. “ನಮ್ಮಲ್ಲಿ ಮುಚ್ಚಿಡೋದು ಏನಿದೆ? ನಿಯಮ ಏನು ಕೇಳುತ್ತೋ ಅಷ್ಟನ್ನ ಬರೀರಿ.”

ಅವಳು ಇದ್ದದ್ದನ್ನೇ ಬರೆದಳು. ಸಭೆಯಲ್ಲಿ ಅದನ್ನು ಓದಿದಾಗ ಮೈದುನನೂ ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದ. ತಾಪಮಾನದ ವ್ಯತ್ಯಾಸದಿಂದ ಈ ವರ್ಷ ಸತ್ತ ಮೀನುಗಳ ಸಂಖ್ಯೆ: ಸೊನ್ನೆ.