ಮಳಖೇಡ ಕೋಟೆಯಲ್ಲಿ ತೀರಿಹೋದ ಭಜ್ಜಿ

ನಡೆದದ್ದು ಇಷ್ಟೇ: ನನ್ನ ಮೊಮ್ಮಗಳನ್ನು ನೋಡಲು ಬಂದವರಿಗೆ ನಮ್ಮ ಊಟ ಸಿಗಲಿಲ್ಲ, ಊಟ ಮಾಡಿದವರು ಅವಳನ್ನು ನೋಡಲು ಬಂದವರಾಗಿರಲಿಲ್ಲ. ಇದನ್ನು ನನ್ನ ಮಗ ಶರಣಪ್ಪ ಋಣಾನುಬಂಧ ಎನ್ನುತ್ತಾನೆ. ಸೊಸೆ ಮಹಾದೇವಿ ದೃಷ್ಟಿ ತಾಗಿದೆ ಎಂದು ಒಲೆಗೆ ಮೆಣಸಿನಕಾಯಿ ಹಾಕಿ ಇಡೀ ಮನೆಯನ್ನು ಕೆಮ್ಮಿಸಿದಳು. ಋಣವೂ ಅಲ್ಲ, ದೃಷ್ಟಿಯೂ ಅಲ್ಲ. ಭಜ್ಜಿ ತೀರಿತು, ಸಂಬಂಧ ತಪ್ಪಿತು. ಅಷ್ಟನ್ನು ಒಪ್ಪಿಕೊಳ್ಳಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ, ಏಕೆಂದರೆ ಭಜ್ಜಿ ಬಡಿಸಿದವಳು ನಾನು.

ಮೊದಲಿಗೆ ಹೇಳಿಬಿಡುತ್ತೇನೆ, ಈ ‘ನೋಡಲು ಹೋಗುವುದು’ ಎಂಬುದೇ ನನಗೆ ಸೇರುವುದಿಲ್ಲ. ಹಿಂದೊಮ್ಮೆ ಸೊಸೆಯ ತಮ್ಮ ನಮ್ಮನ್ನೆಲ್ಲ ಚಿಂಚೋಳಿಯ ಆಚೆ ಕುಂಚಾವರಂ ಕಾಡಿಗೆ ಕರೆದುಕೊಂಡು ಹೋಗಿದ್ದ. ಮುಳ್ಳು, ಕಲ್ಲು, ಏರು ಎಲ್ಲ ದಾಟಿ ಮಂಡಿ ಹಿಡಿದುಕೊಂಡು ಹೋದರೆ ಅಲ್ಲಿ ನೀರು ಮೇಲಿನಿಂದ ಕೆಳಗೆ ಬೀಳುತ್ತಿತ್ತು. ಎಲ್ಲರೂ ಬಾಯಿ ತೆರೆದು ನಿಂತರು. ಮಳೆಗಾಲದಲ್ಲಿ ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯಲ್ಲೂ ನೀರು ಮೇಲಿನಿಂದಲೇ ಬೀಳುತ್ತದೆ; ಅದನ್ನು ನೋಡಲು ಯಾರೂ ಬುತ್ತಿ ಕಟ್ಟಿಕೊಂಡು ಬರುವುದಿಲ್ಲ. ಹಾಗೆಂದು ಅಂದೆ. ಆ ಹುಡುಗ ಅಂದಿನಿಂದ ನನ್ನನ್ನು ಎಲ್ಲಿಗೂ ಕರೆದಿಲ್ಲ. ಉಪಕಾರವೇ ಆಯಿತು.

ಆದರೆ ಎಳ್ಳಮಾವಾಸ್ಯೆ ಬೇರೆ ಮಾತು. ಆ ದಿನ ನಮ್ಮ ಸೀಮೆಯಲ್ಲಿ ಮನೆಯೊಳಗೆ ಕುಳಿತು ಉಂಡರೆ ಹಬ್ಬವಾಗುವುದಿಲ್ಲ. ಸಜ್ಜೆ ರೊಟ್ಟಿ, ಕಾಳು ಸೊಪ್ಪೆಲ್ಲ ಒಂದೇ ಗಡಿಗೆಯಲ್ಲಿ ಬೇಯಿಸಿದ ಭಜ್ಜಿ, ಹೋಳಿಗೆ, ಮೊಸರು ಹೊತ್ತುಕೊಂಡು ಹೊಲಕ್ಕೆ ಹೋಗಬೇಕು. ಅದನ್ನೇ ಸ್ವಲ್ಪ ಭೂಮಿತಾಯಿಯ ಪಾಲೆಂದು ಸುತ್ತಲೂ ನೆಲಕ್ಕೆ ಚರಗ ಚೆಲ್ಲಬೇಕು, ಆಮೇಲೆ ಉಣ್ಣಬೇಕು. ನಮ್ಮ ಕಷ್ಟವೆಂದರೆ ಬುತ್ತಿ ಇತ್ತು, ಹೊಲ ಇರಲಿಲ್ಲ. ಶರಣಪ್ಪನಿಗೆ ವಾಡಿಯಲ್ಲಿ ರೈಲ್ವೆ ಕೆಲಸ; ಹಳಿಯ ಪಕ್ಕ ಕುಳಿತು ಉಂಡರೆ ರೊಟ್ಟಿಯ ಮೇಲೆ ಕಲ್ಲಿದ್ದಲ ಪುಡಿ. ಪ್ರತಿ ವರ್ಷ ಯಾರದೋ ಹೊಲದ ಬದುವಿನಲ್ಲಿ ನೆಂಟರ ಹಾಗೆ ಕೂರುತ್ತಿದ್ದೆವು. ಆ ವರ್ಷ ಅವನು ದೊಡ್ಡ ಉಪಾಯ ಕಂಡುಹಿಡಿದವನಂತೆ ಬಂದು ಹೇಳಿದ: “ಅವ್ವಾ, ನಮಗ ಹೊಲ ಇಲ್ಲಂದ್ರ ಏನಾತು, ಮಳಖೇಡದಾಗ ಕೋಟಿ ಅದ. ಸರಕಾರದ್ದು ಅಂದ್ರ ಎಲ್ಲಾರದೂ. ಅಲ್ಲೇ ಚರಗ ಚೆಲ್ಲೋಣು.”

ಅದರ ಹಿಂದೆ ಇನ್ನೊಂದು ಲೆಕ್ಕವಿತ್ತು. ಮೊಮ್ಮಗಳು ಸುವರ್ಣಾಳನ್ನು ನೋಡಲು ಅದಕ್ಕೂ ಮೊದಲು ಎರಡು ಸಲ ಜನ ಮನೆಗೆ ಬಂದಿದ್ದರು. ಚುರುಮುರಿ ಸುಸಲಾ ತಿಂದು, ಚಹಾ ಕುಡಿದು, “ತಿಳಿಸ್ತೀವ್ರಿ” ಎಂದು ಹೋದವರು ಇನ್ನೂ ತಿಳಿಸುತ್ತಲೇ ಇದ್ದಾರೆ. ಹುಡುಗಿ ನನ್ನ ಹಾಗೆ ಎತ್ತರ, ನನ್ನ ಹಾಗೆ ಗಟ್ಟಿ ದನಿ. ಅದು ಅವರಿಗೆ ಹೆಚ್ಚಾಗಿರಬೇಕು. ಎರಡನೆಯ ಸಲ ಅವರು ಹೋದ ಮೇಲೆ ಅವಳು ಕುಳಿತಿದ್ದ ಚಾಪೆಯನ್ನು ತಾನೇ ಸುತ್ತಿ ಅಟ್ಟಕ್ಕೆ ಎಸೆದು, “ಆಯಿ, ಇನ್ನೊಮ್ಮೆ ನಾ ಇದರ ಮ್ಯಾಲ ಕುಂದ್ರಂಗಿಲ್ಲ” ಎಂದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಹೀಗಿರುವಾಗ ಮಧ್ಯಸ್ಥ ಮಲ್ಲಣ್ಣ ಸೇಡಂನ ಒಂದು ಸಂಬಂಧ ತಂದ. ಹುಡುಗ ಕಚೇರಿಯಲ್ಲಿ ಗುಮಾಸ್ತ. “ಬಯಲಾಗ ನೋಡೋಣ್ರಿ” ಎಂದ ಮಲ್ಲಣ್ಣ. “ಒಪ್ಪಿದ್ರ ಒಪ್ಪಿದಂಗಾತು. ಒಪ್ಪಲಿಲ್ಲಂದ್ರ ಕೋಟಿ ನೋಡಾಕ ಹೋಗಿದ್ವಿ ಅನ್ರಿ, ಯಾರ ಮಾನಾನೂ ಹೋಗಂಗಿಲ್ಲ.” ಜೀವನದಲ್ಲಿ ಅವನು ಆಡಿದ ಒಂದೇ ಬುದ್ಧಿಯ ಮಾತು. ಆ ದಿನ ತಾನು ಬರಲಾಗುವುದಿಲ್ಲ ಎಂದ; ಹುಡುಗನ ಗುರುತು ಕೇಳಿದ್ದಕ್ಕೆ, “ಚಷ್ಮಾ ಹಾಕ್ತಾನ, ಜೋಡಿ ಒಬ್ಬಾಕಿ ಸೋದರತ್ತಿ ಬರ್ತಾಳ, ಬಾಯಿ ಭಾಳ” ಎಂದ.

ವಾಡಿಯಿಂದ ಪ್ಯಾಸೆಂಜರ್ ಗಾಡಿ, ಸ್ಟೇಷನ್ನಿನಿಂದ ಟಾಂಗಾ. ಕಾಗಿಣಾ ನದಿಯ ದಂಡೆಯ ಮೇಲೆ ಕೋಟೆ ಮುರಿದ ಹಲ್ಲಿನ ಹಾಗೆ ನಿಂತಿತ್ತು. ಶರಣಪ್ಪ ಟಾಂಗಾದಿಂದ ಇಳಿಯುವ ಮೊದಲೇ ಮಾಸ್ತರನಾದ. ಇಲ್ಲಿ ರಾಷ್ಟ್ರಕೂಟರು ಆಳಿದರು, ದೇಶ ದೇಶದಿಂದ ವ್ಯಾಪಾರಿಗಳು ಬರುತ್ತಿದ್ದರು, ಕವಿಗಳಿದ್ದರು ಎಂದ. ನೆರಳಿಗೆ ಒಂದು ಬೇವಿನ ಗಿಡ ಹಚ್ಚುವವರು ಇರಲಿಲ್ಲವೇನೋ ಎಂದೆ. ನಾನು ಶಹಾಬಾದಿನಲ್ಲಿ ಹುಟ್ಟಿದವಳು, ನನ್ನಪ್ಪ ಕಲ್ಲಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಬಿಡಿಸುತ್ತಿದ್ದ. ಎಲ್ಲಿ ಹೋದರೂ ನನ್ನ ಕಣ್ಣು ಮೊದಲು ಕಲ್ಲಿಗೇ ಹೋಗುತ್ತದೆ. ಕಲ್ಲು ಒಳ್ಳೆಯದೇ. ಗೋಡೆಯ ಬದಿಗೆ ಊರ ಹೆಂಗಸರು ಸಗಣಿಯ ಕುಳ್ಳು ಒಣಹಾಕಿದ್ದರು, ರಾಜರಿದ್ದ ಜಾಗದಲ್ಲಿ ಆಡುಗಳಿದ್ದವು. ನಾವು ಚರಗ ಚೆಲ್ಲಿದ್ದೇ ತಡ, ಅವೆಲ್ಲ ಬಂದು ಹಿಂದಿನಿಂದ ಆರಿಸಿ ತಿನ್ನುತ್ತ ನಮ್ಮ ಜೊತೆ ಪ್ರದಕ್ಷಿಣೆ ಹಾಕಿದವು. ಶರಣಪ್ಪ ಸರಕಾರಿ ಗೋಡೆಗೆ ಭಜ್ಜಿ ಸಿಡಿದೀತೆಂದು ಹೆದರಿ ಹೆದರಿ ಚೆಲ್ಲಿದ. ಆಮೇಲೆ ಸೇಡಂ ಬಸ್ಸಿನಿಂದ ಇಳಿಯುವವರನ್ನು ಕರೆತರಲು ಸಡಕಿನ ಕಡೆ ಹೋದ.

ಅವನು ಅತ್ತ ಹೋದ, ಇತ್ತ ನದಿಯ ಕಡೆಯಿಂದ ನಾಲ್ಕು ಜನ ಬಂದರು. ಒಬ್ಬ ಹಿರಿಯ, ಚಷ್ಮಾ ಹಾಕಿದ ಹುಡುಗ, ಹಿಂದೆ ಗಂಟು ಹೊತ್ತ ಒಂದು ಹುಡುಗಿ, ಎಲ್ಲರಿಗಿಂತ ಮುಂದೆ ಮಾತಾಡುತ್ತಲೇ ಬಂದ ಒಬ್ಬ ಹೆಂಗಸು. ಹಣೆಯಲ್ಲಿ ನಮ್ಮ ಹಾಗೆಯೇ ವಿಭೂತಿ. ಇನ್ನೇನು ಬೇಕು? ಹೆಸರು ಕೇಳಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ನನ್ನನ್ನು ಕೇಳಿದರು. ಎಳ್ಳಮಾವಾಸ್ಯೆಯ ದಿನ ಬುತ್ತಿ ಬಿಚ್ಚಿದ ಮೇಲೆ ದಾರಿಯಲ್ಲಿ ಹೋಗುವವರು ಕಣ್ಣಿಗೆ ಬಿದ್ದರೆ ಕರೆದು ಉಣಿಸಬೇಕು. ಉಣಿಸುವ ಮೊದಲು ನೀನು ಯಾರು, ಯಾವ ಊರು ಎಂದು ಕೇಳುವುದು ತಟ್ಟೆ ತೋರಿಸಿ ಹಿಂದಕ್ಕೆ ಎಳೆದಂತೆ. ನಮ್ಮ ಅತ್ತೆ ಹಾಗೆ ಕಲಿಸಿದ್ದಳು. ಕರೆದವರು ಬಂದು ಕೂರಬೇಕು, ಒಲ್ಲೆ ಎನ್ನಬಾರದು ಎಂದು ಅವರಿಗೂ ಯಾರೋ ಕಲಿಸಿರಬೇಕು.

“ಬರ್ರಿ, ಕುಂದ್ರಿ, ಹೊತ್ತಾತು” ಎಂದೆ.

“ನಮ್ ಬುತ್ತಿ ಅದರಿ ಆಯಿ” ಎಂದ ಹಿರಿಯ.

“ಇರವಲ್ದ್ಯಾಕ. ಮೊದಲ ನಮ್ದು ಉಣ್ರಿ, ಆಮ್ಯಾಲ ನಿಮ್ದು ಬಿಚ್ರಿ.”

ಸುವರ್ಣಾಗೆ ಕಣ್ಣು ಮಾಡಿದೆ. ಅವಳು ನೀರು ಕೊಟ್ಟಳು, ರೊಟ್ಟಿ ಹಾಕಿದಳು, ತಲೆ ತಗ್ಗಿಸಲಿಲ್ಲ, ನೆಟ್ಟಗೆ ನಡೆದಾಡಿದಳು. ಬಯಲಲ್ಲಿ ಅವಳ ಎತ್ತರ ಎತ್ತರವೆಂದೇ ತೋರಲಿಲ್ಲ, ಪಕ್ಕದಲ್ಲಿ ಬುರುಜು ಇತ್ತಲ್ಲ. ಆ ಹೆಂಗಸು, “ಏನ್ ರುಚಿ ಮಾಡೀರೆವ್ವಾ! ಹಾಕ್ರಿ, ಇನ್ನೊಂಚೂರು ಹಾಕ್ರಿ” ಎಂದು ಬಾಯಿ ತುಂಬ ಹೊಗಳುತ್ತ ಬಾಯಿ ತುಂಬ ತಿಂದಳು. ಭಜ್ಜಿ ಮಾಡಿದ್ದು ನಾನು. “ನಮ್ ಸುವರ್ಣಾನ ಮಾಡ್ಯಾಳ್ರಿ” ಎಂದೆ. ಇಂಥ ಹೊತ್ತಿನಲ್ಲಿ ಯಾವ ಅಜ್ಜಿ ಬೇರೆ ಏನು ಹೇಳುತ್ತಾಳೆ? ಮಹಾದೇವಿ ನನ್ನ ಸೆರಗು ಜಗ್ಗಿ, “ಅತ್ತಿ, ಇವರನ್ನ ಬಿಟ್ಟು ನಿಮ್ ಮಗ ಎಲ್ಲಿ ಹೋದ್ರು?” ಎಂದು ಪಿಸುಗುಟ್ಟಿದಳು. “ಸಡಕಿನ ಮ್ಯಾಲ ಯಾರಿಗೋ ರಾಷ್ಟ್ರಕೂಟರ ಪಾಠ ಹೇಳಾಕತ್ತಿರಬೇಕು, ನೀ ಬಡಸು” ಎಂದೆ. ನಾನು ಗಡಿಗೆಯ ತಳ ಕೆರೆದು ಕೊನೆಯ ಸೌಟು ಹುಡುಗನ ತಟ್ಟೆಗೆ ಸುರಿದೆ. ಅವನು ಸಂಕೋಚದಿಂದ ನಕ್ಕು ಹೇಳಿದ:

“ಸಾಕ್ರಿ ಆಯಿ. ನನ್ನ ಹೆಂಡ್ತೀನೂ ಹಿಂಗ ಮಾಡ್ತಾಳ್ರಿ, ಒಲ್ಲೆ ಅಂದ್ರೂ ಹಾಕ್ತಾಳ. ಬಾಣಂತನಕ್ಕ ತವರಿಗಿ ಹೋಗ್ಯಾಳ, ಅದಕ್ಕ ಈ ಸಲ ಬಂದಿಲ್ಲ.”

ಸೌಟು ಕೈಯಲ್ಲೇ ಉಳಿಯಿತು. ಮಹಾದೇವಿ ಗಡಿಗೆಯನ್ನು ತನ್ನ ಕಡೆ ಎಳೆದು ಒಳಗೆ ಬಗ್ಗಿ ನೋಡಿದಳು. ಅಷ್ಟರಲ್ಲಿ ಶರಣಪ್ಪ ಬಂದ. ಅವನ ಹಿಂದೆ ಇನ್ನೊಬ್ಬ ಚಷ್ಮಾದವನು, ಅವನ ತಂದೆ ತಾಯಿ, ಮತ್ತೊಬ್ಬ ಸೋದರತ್ತೆ. ಬಸ್ಸು ನಡುದಾರಿಯಲ್ಲಿ ಕೆಟ್ಟು ಬಿಸಿಲಲ್ಲಿ ನಡೆದು ಬಂದಿದ್ದರು; ಚರಗವಾಗದೆ ಉಣ್ಣುವುದಿಲ್ಲವೆಂದು ಬೆಳಗಿನಿಂದ ಬಾಯಿಗೆ ಏನೂ ಹಾಕಿರಲಿಲ್ಲ. ಹುಡುಗನ ತಾಯಿ ಖಾಲಿ ಗಡಿಗೆ ನೋಡಿದಳು, ಬೆರಳು ನೆಕ್ಕುತ್ತಿದ್ದವರನ್ನು ನೋಡಿದಳು, ನನ್ನನ್ನು ನೋಡಿದಳು. ಸುವರ್ಣಾಳನ್ನು ಮಾತ್ರ ನೋಡಲಿಲ್ಲ.

“ಹಬ್ಬದ ದಿನಾ ಉಪಾಸ ಕೆಡವಾಕ ಕರ್ಸೀರೇನ್ರಿ?” ಎಂದಳು.

“ತಪ್ಪಾತ್ರಿ, ನೀವಂತ ತಿಳದು ಇವರಿಗಿ ಬಡಿಸಿದೆ” ಎಂದೆ. ಆ ಮಾತು ಇನ್ನೂ ಕೆಟ್ಟದ್ದಾಯಿತು. ಉಂಡವರಿಗೂ ಅವಮಾನ, ಉಣ್ಣದವರಿಗೂ ಅವಮಾನ. ಆಗ ಉಂಡವರ ಕಡೆಯ ಹಿರಿಯ ಎದ್ದು ನಿಂತ. ತಾವು ಕುರಕುಂಟಾದವರು, ಎತ್ತಿನ ಗಾಡಿಯಲ್ಲಿ ಕೋಟೆ ನೋಡಲು ಬಂದವರು ಎಂದು ಈಗ ಹೇಳಿದ. ಹುಡುಗಿಯ ಕಡೆ ತಿರುಗಿ, “ಗಂಗಾ, ನಮ್ ಗಂಟು ಬಿಚ್ಚವ್ವಾ” ಎಂದ. ಆ ಹುಡುಗಿ ಬಿಚ್ಚಿದಳು, ಬಡಿಸಿದಳು. ಸೇಡಂನವರು ಸಿಟ್ಟಿನಲ್ಲೇ ಕುಳಿತರು, ಸಿಟ್ಟಿನಲ್ಲೇ ತಿಂದರು. ಶೇಂಗಾ ಹೋಳಿಗೆ ಬಂದ ಮೇಲೆ ಹುಡುಗನ ತಾಯಿಯ ಮುಖ ಸಡಿಲಾಯಿತು. “ಇದು ಯಾರು ಮಾಡಿದ್ದು?” ಎಂದಳು. “ಈಕೀನೇ ಮಾಡ್ಯಾಳ್ರಿ, ನನ್ನ ಅಣ್ಣನ ಮಗಳು” ಎಂದು ಕುರಕುಂಟಾದ ಹೆಂಗಸು ಹಿಡಿದುಕೊಂಡಳು ನೋಡಿ, ಸೇಡಂನ ಸೋದರತ್ತೆ ಎದುರು ಕೂತು ಜೋಡಿಯಾದಳು. ಎರಡು ಬಾಯಿ ಸೇರಿದ ಮೇಲೆ ನಮ್ಮ ಕಡೆ ಯಾರೂ ತಿರುಗಲಿಲ್ಲ. ಹೊತ್ತು ಇಳಿಯುವುದರೊಳಗೆ ಮಾತು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು: ಗಂಗಾಳಿಗೆ ಸೇಡಂನ ಹುಡುಗ. ಕುರಕುಂಟಾದ ಹಿರಿಯ, ಗಂಗಾಳ ತಂದೆ, ಬಂದು ನನಗೆ ಕೈಮುಗಿದು, “ಆಯಿ, ನೀವು ಕರದು ಉಣಿಸಿದ್ದಕ್ಕ ಇದು ಕೂಡಿಬಂತು. ಹುಡುಗನ ಮನಿ ನೋಡಾಕ ನೀವೂ ಬರಬೇಕು, ಹಿರ್ಯಾರ ಕಣ್ಣು ಬೇಕು” ಎಂದ. ಮಹಾದೇವಿಯ ಕಣ್ಣು ನನ್ನ ಬೆನ್ನು ಸುಡುತ್ತಿತ್ತು. “ಬರ್ತೀನ್ರಿ” ಎಂದೆ. ಕರೆದರೆ ಒಲ್ಲೆ ಎನ್ನುವುದು ನನಗೂ ಬರುವುದಿಲ್ಲ.

ಸಂಜೆಯ ರೈಲಿಗೆ ವಾಪಸು ಹೊರಟೆವು. ಸುವರ್ಣಾಳ ಮುಖ ನೋಡಲು ನನಗೆ ಅಂಜಿಕೆ. ಚಿತ್ತಾಪುರ ದಾಟಿದ ಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಾಳೆಂದು ಕೈ ಹಾಕಿದರೆ, ನಗುತ್ತಿದ್ದಳು. “ಆಯಿ, ಅಂವಾ ಎಷ್ಟು ನಾಚಿ ನಾಚಿ ನಾಕು ರೊಟ್ಟಿ ತಿಂದ! ಹೆಂಡ್ತಿ ಇದ್ದಾಂವಗ ನನ್ನ ತೋರಿಸಿದಿ!” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಶರಣಪ್ಪ ನಕ್ಕ. ಕಡೆಗೆ ಮಹಾದೇವಿಯೂ ನಕ್ಕಳು, ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಪಕ್ಕದ ಕ್ವಾರ್ಟರ್ಸಿನವರು ಎಲ್ಲಿ ಹೋಗಿದ್ದಿರಿ ಎಂದು ಕೇಳಿದಾಗ, ಕೋಟೆ ನೋಡಲು ಹೋಗಿದ್ದೆವು ಎಂದೆವು. ಒಬ್ಬರ ಕಣ್ಣಲ್ಲೂ ಅನುಮಾನ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಗಾಡಿಗೆ ನಾನು ಸೇಡಂಗೆ ಹೋದೆ. ಹುಡುಗನ ಮನೆಯ ಫರಸಿ ಕಾಲಿನಿಂದ ತಟ್ಟಿ ನೋಡಿದೆ, ಗಟ್ಟಿ ಇತ್ತು. ಮಾಳಿಗೆ ನೋಡಿದೆ, ಸೋರಿದ ಕಲೆ ಇರಲಿಲ್ಲ. ಹುಡುಗನ ತಾಯಿ ನನಗೆ ಅರ್ಧ ಕಪ್ ಚಹಾ ಕೊಟ್ಟಳು, ಊಟಕ್ಕೆ ಏಳಿ ಎನ್ನಲಿಲ್ಲ, ಅದು ನ್ಯಾಯವೇ. ಹಿತ್ತಲಿಗೆ ಹೋಗಿ ಬಾವಿಯ ನೀರು ಸೇದಿ ಕುಡಿದೆ. ಅಷ್ಟು ಸಿಹಿ ನೀರು ನಮ್ಮ ಸುವರ್ಣಾಳ ಪಾಲಿಗೆ ಬರಬೇಕಾಗಿತ್ತಲ್ಲ ಎಂದು ಹೊಟ್ಟೆಯಲ್ಲಿ ಉರಿ ಎದ್ದಿತು. ಹೊರಗೆ ಕಾಯುತ್ತಿದ್ದ ಗಂಗಾಳ ತಂದೆಗೆ, “ಛಲೋ ಮನಿ, ಕಣ್ಣು ಮುಚ್ಚಿ ಕೊಡ್ರಿ” ಎಂದು ಹೇಳಿದೆ. ಹೇಳಿ, ಒಳಗೆ ಹೋಗಿ ಇನ್ನೊಂದು ತಂಬಿಗೆ ಸೇದಿಕೊಂಡು ಕುಡಿದೆ.